ಬೆನ್ನಿಗೆ ಎರಡು ಪಾಠ

3 ಜೂನ್ 2024, ಸೋಮವಾರ

ಪಿಲಾಟೀಸ್ ತರಗತಿಯಲ್ಲಿ ಇವತ್ತು ‘ಹಂಡ್ರೆಡ್’. ಅಂಗಾತ ಮಲಗಿ ತಲೆ, ಭುಜ, ಕಾಲು ಮೇಲೆತ್ತಿ, ಪಕ್ಕದಲ್ಲಿ ಚಾಚಿದ ತೋಳುಗಳನ್ನು ಚುರುಕಾಗಿ ಮೇಲೆ ಕೆಳಗೆ ಆಡಿಸಬೇಕು. ಐದು ಎಣಿಸುವಷ್ಟು ಹೊತ್ತು ಉಸಿರು ಒಳಕ್ಕೆ, ಐದು ಎಣಿಸುವಷ್ಟು ಹೊತ್ತು ಹೊರಕ್ಕೆ; ಹತ್ತು ಸುತ್ತಿಗೆ ನೂರು. ತೋಳಿನ ಕೆಲಸ ಸಲೀಸು, ಉಸಿರಿನದೇ ಕಷ್ಟ. ಯೋಗದಲ್ಲಿ ಹೊಟ್ಟೆ ತುಂಬ ಉಸಿರೆಳೆದುಕೊಂಡು ರೂಢಿ. ಇಲ್ಲಿ ಹೊಟ್ಟೆ ಒಳಗೇ ಇರಬೇಕು, ಪಕ್ಕೆಲುಬು ಅಗಲವಾಗಬೇಕು. ಕಲಿಸುವ ಹುಡುಗಿ ನನ್ನನ್ನು ಕೂರಿಸಿ, ಎರಡೂ ಪಕ್ಕೆಗೆ ಅಂಗೈಯಿಟ್ಟು, “ಆಂಟಿ, ಉಸಿರು ನನ್ನ ಕೈಗೆ ತಾಗಲಿ” ಅಂದಳು. ಸ್ವಲ್ಪ ಹೊತ್ತಿಗೆ ಬೆನ್ನ ಕಡೆಯ ಎಲುಬುಗಳೂ ಹಿಗ್ಗಿದವು. ಎಂಥ ಹಗುರ!

12 ಜೂನ್, ಬುಧವಾರ

“ಕೃಷ್ಣಮಾಚಾರ್ಯರು ಪಾಠ ಹೇಳಿದ ಊರಲ್ಲಿದ್ದುಕೊಂಡು ಜರ್ಮನಿಯವನ ಕಸರತ್ತು ಯಾಕಮ್ಮ ನಿನಗೆ?” ಅಂತ ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ. ಹುರುಳಿಕಾಯಿ ಸೋಸುತ್ತಾ ಹೇಳಿದೆ: ಜೋಸೆಫ್ ಪಿಲಾಟೀಸ್ ಹುಟ್ಟಿದ್ದು 1883ರಲ್ಲಿ, ಚಿಕ್ಕಂದಿನಿಂದ ಉಬ್ಬಸ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಅವರನ್ನು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಕೂಡಿಹಾಕಿದ್ದರು. ಆಮೇಲೆ ನ್ಯೂಯಾರ್ಕಿನಲ್ಲಿ ನೆಲೆನಿಂತು ಕಲಿಸಿದರು. 1930ರ ದಶಕದಲ್ಲಿ ಅವರು ಅಲ್ಲಿ ಕಲಿಸುತ್ತಿದ್ದಾಗಲೇ, ಇಲ್ಲಿ ಮೈಸೂರಿನಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯುತ್ತಿತ್ತು. 1934ರಲ್ಲಿ ಅವರ ‘ಯೋಗ ಮಕರಂದ’ ಕನ್ನಡದಲ್ಲೇ ಬಂತು. ಇಬ್ಬರದೂ ಉಸಿರಿಗೆ ಹೊಂದಿಸಿದ ಚಲನೆ.

“ಹಾಗಾದ್ರೆ ಬೀಗರಾದ್ರು ಬಿಡು” ಅಂದರು ಅತ್ತೆ.

21 ಜೂನ್, ಶುಕ್ರವಾರ

ಯೋಗ ದಿನ. ಮನೆಯಲ್ಲೇ ನಿಧಾನವಾಗಿ ಮಾಡಿದೆ. ನನ್ನದು ಸಡಿಲ ಕೀಲುಗಳ ಮೈ. ಪಶ್ಚಿಮೋತ್ತಾನಾಸನದಲ್ಲಿ ಹಣೆ ಮೊಣಕಾಲಿಗೆ ತಾಗುವುದನ್ನು ನೋಡಿ ಎಲ್ಲರೂ ಹೊಗಳುತ್ತಾರೆ. ಆದರೆ ಹಿಂದಕ್ಕೆ ಬಾಗುವ ಆಸನಗಳಲ್ಲಿ ಬಾಗುವುದೆಲ್ಲ ಸೊಂಟದ ಅದೇ ಒಂದು ಜಾಗ, ಅಲ್ಲೇ ನೋವು. ಬಾಗುವ ಮೈಗೆ ಇನ್ನಷ್ಟು ಬಾಗುವುದನ್ನು ಕಲಿಸಬೇಕಾಗಿಲ್ಲ, ತಡೆದು ಹಿಡಿಯುವ ಬಲ ಬೇಕು. ಪಿಲಾಟೀಸ್ ಕೊಟ್ಟಿದ್ದು ಅದನ್ನು. ಹೊಟ್ಟೆಯ ಒಳಪದರದ ಸ್ನಾಯು ನಡುಕಟ್ಟಿನ ಹಾಗೆ ಸೊಂಟವನ್ನು ಸುತ್ತಿಕೊಂಡಿರುತ್ತದೆ. ಇವತ್ತು ಭುಜಂಗಾಸನದಲ್ಲಿ ಅದನ್ನು ಮೆಲ್ಲಗೆ ಬಿಗಿಮಾಡಿ ಎದ್ದೆ. ಎದ್ದದ್ದು ಮೊದಲಿಗಿಂತ ಕಡಿಮೆ, ಆದರೆ ಬಾಗು ಮೇಲಿನ ಬೆನ್ನಿಗೂ ಹಂಚಿಹೋಯಿತು, ಸೊಂಟ ನೋಯಲಿಲ್ಲ. ಆಸನದಲ್ಲಿ ನಿಲ್ಲುವುದನ್ನು ಯೋಗ ಕಲಿಸಿತ್ತು. ಅಲ್ಲಿಗೆ ಹೋಗುವ, ಅಲ್ಲಿಂದ ಬರುವ ದಾರಿಯನ್ನು ಈಗ ಮಣಿಮಣಿಯಾಗಿ ಕಲಿಯುತ್ತಿದ್ದೇನೆ.

ಪಿಲಾಟೀಸ್ ಮುಗಿದಾಗ ಮನಸ್ಸು ಚುರುಕಾಗಿರುತ್ತದೆ, ಶಾಂತವಾಗಿರುವುದಿಲ್ಲ. ಅದಕ್ಕೆ ಶವಾಸನವೇ ಬೇಕು, ನಾಡಿಶೋಧನವೇ ಬೇಕು. ಹಾಗಾಗಿ ಮೊದಲು ಪಿಲಾಟೀಸ್, ಆಮೇಲೆ ಆಸನ, ಕೊನೆಗೆ ಪ್ರಾಣಾಯಾಮ. ಈ ಕ್ರಮ ನನಗೆ ಹೊಂದಿದೆ.

9 ಜುಲೈ, ಮಂಗಳವಾರ

ಅತ್ತಿಗೆಯೂ ತರಗತಿಗೆ ಬರುತ್ತಾರಂತೆ. ಖುಷಿಯಾಯಿತು, ಭಯವೂ ಆಯಿತು. ಅವರ ಮೂಳೆ ಸವೆದಿದೆ ಎಂದು ಸ್ಕ್ಯಾನ್‌ನಲ್ಲಿ ಬಂದಿದೆ. ಬೆನ್ನು ಸುರುಳಿ ಮಾಡಿ ಏಳುವ ‘ರೋಲ್ ಅಪ್’ ಅವರಿಗೆ ಬೇಡ. ಹಲಾಸನ, ಪಶ್ಚಿಮೋತ್ತಾನಾಸನವೂ ಬೇಡ. ಬೆನ್ನನ್ನು ಬಲವಾಗಿ ಮುಂದಕ್ಕೆ ಬಗ್ಗಿಸಿದರೆ ಸವೆದ ಮಣಿಗಳು ಕುಸಿಯಬಹುದು. ಗೋಡೆಗೆ ಕೈಯಾನಿಸಿ ನಿಂತು ಮಾಡುವ ಆಸನಗಳು, ಮಲಗಿ ಕಾಲಾಡಿಸುವ ವ್ಯಾಯಾಮಗಳು ಬೇಕಾದಷ್ಟಿವೆ. “ಅತ್ತಿಗೆ, ಮೊದಲು ಡಾಕ್ಟರನ್ನ ಕೇಳಿ. ರಿಪೋರ್ಟನ್ನೂ ತನ್ನಿ, ಆ ಹುಡುಗಿಗೆ ತೋರಿಸೋಣ” ಅಂದೆ. ಗುರುವಾರ ಡಾಕ್ಟರ ಹತ್ತಿರ ಹೋಗುತ್ತಾರೆ, ಜೊತೆಗೆ ನಾನೂ ಹೊರಟಿದ್ದೇನೆ.