ಹೋದವನು ಬಂದನೇ?

ಕನ್ನಡದ ಅಧ್ಯಾಪಕನನ್ನು “ನಿಮ್ಮ ಮೆಚ್ಚಿನ ಲೇಖಕರು ಯಾರು?” ಎಂದು ಕೇಳುವವರು ಅವನ ಉತ್ತರವನ್ನು ಮೊದಲೇ ಊಹಿಸಿಕೊಂಡಿರುತ್ತಾರೆ. ಅವನು ಪಂಪನಿಂದ ಹೊರಟು, ಕುಮಾರವ್ಯಾಸನಲ್ಲಿ ವಿಶ್ರಮಿಸಿ, ಬೇಂದ್ರೆ ಕುವೆಂಪುಗಳವರೆಗೆ ಬಂದು ನಿಲ್ಲಬೇಕು. ಇವರೆಲ್ಲ ನನಗೆ ಪೂಜ್ಯರೇ. ತರಗತಿಯಲ್ಲಿ ಇವರನ್ನು ಪಾಠ ಮಾಡಿಯೇ ನಾನು ಅನ್ನ ಉಣ್ಣುತ್ತಿರುವುದು. ಆದರೆ ಪೂಜ್ಯರು ಬೇರೆ, ಮೆಚ್ಚಿನವರು ಬೇರೆ. ಜ್ವರ ಬಿಟ್ಟ ಮರುದಿನ, ಜಡಿಮಳೆಯ ಸಂಜೆ, ಉತ್ತರಪತ್ರಿಕೆಗಳ ಕಟ್ಟು ಮುಗಿದ ರಾತ್ರಿ, ನನ್ನ ಕೈ ತಾನಾಗಿ ಹೋಗುವುದು ಮಾಂತ್ರಿಕರು, ಯಕ್ಷರು, ಮಾತನಾಡುವ ಮರಗಳು ತುಂಬಿರುವ ಪುಸ್ತಕಗಳ ಕಡೆಗೆ. “ಮೀಸೆ ನರೆಯುವ ವಯಸ್ಸು ಹತ್ತಿರ ಬಂದರೂ ಇನ್ನೂ ರಾಕ್ಷಸರ ಕಥೆಯೇ?” ಎಂದು ನನ್ನ ಸಹೋದ್ಯೋಗಿಗಳು ನಗುತ್ತಾರೆ. ನಗಲಿ. ಅವರಲ್ಲಿ ಇಬ್ಬರು ನನ್ನಿಂದ ಅದೇ ಪುಸ್ತಕಗಳನ್ನು ಗುಟ್ಟಾಗಿ ಎರವಲು ಪಡೆದಿದ್ದಾರೆ.

ಇಂಥ ಕಥೆಗಳೆಂದರೆ ಪರದೇಶದಿಂದ ಬಂದ ಸರಕು ಎಂಬ ಭಾವನೆ ಈಗಿನ ವಿದ್ಯಾರ್ಥಿಗಳಲ್ಲಿದೆ. ನನ್ನ ತಾಯಿಯ ತವರು ತಳಕಲ್. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ, ಗದಗಿನಿಂದ ಕೊಪ್ಪಳಕ್ಕೆ ಹೋಗುವ ರೈಲುಹಾದಿಯ ಊರು. ಅಲ್ಲಿಂದ ಬಹಳ ದೂರವಿಲ್ಲದ ರೋಣ ಸೀಮೆಯಲ್ಲಿ ಸವಡಿ ಎಂಬ ಹಳ್ಳಿಯಿದೆ. ಹಳೆಯ ಹೆಸರು ಸಯ್ಯಡಿ. ಚಾಳುಕ್ಯ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಆ ಊರಿನವನು. ಸುಮಾರು ಕ್ರಿ. ಶ. 1031ರಲ್ಲಿ ಆತ ಕನ್ನಡದಲ್ಲಿ ಪಂಚತಂತ್ರವನ್ನು ರಚಿಸಿದ. ಅದಕ್ಕೆ ಆಧಾರ ಎಲ್ಲರೂ ಬಲ್ಲ ವಿಷ್ಣುಶರ್ಮನ ಪಾಠವಲ್ಲ, ವಸುಭಾಗಭಟ್ಟನದು. ಆ ಕಥೆಗಳ ಮೂಲ ಗುಣಾಢ್ಯನ ಬೃಹತ್ಕಥೆಯಲ್ಲಿದೆಯೆಂದು ದುರ್ಗಸಿಂಹ ಹೇಳುತ್ತಾನೆ. ಕಾಶ್ಮೀರದ ಸೋಮದೇವನು ಕಥಾಸರಿತ್ಸಾಗರವನ್ನು ಬರೆಯುವುದಕ್ಕೆ ಕೆಲವು ದಶಕಗಳ ಮೊದಲೇ ನಮ್ಮ ಎರೆಹೊಲಗಳ ನಾಡಿನವನೊಬ್ಬ ಆ ಕಥಾಸಮುದ್ರದ ನೀರನ್ನು ಕನ್ನಡದ ಕೊಡದಲ್ಲಿ ತುಂಬಿ ತಂದಿದ್ದ.

ಗುಣಾಢ್ಯನ ಕಥೆಯಂತೂ ಲೇಖಕರೆಲ್ಲರೂ ವರ್ಷಕ್ಕೊಮ್ಮೆಯಾದರೂ ನೆನೆಯಬೇಕಾದದ್ದು. ಪಂತದಲ್ಲಿ ಸೋತು ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ತೊರೆದ ಆತ, ಪೈಶಾಚಿಯಲ್ಲಿ, ಮಸಿಯಿಲ್ಲದ ಕಾಡಿನಲ್ಲಿ ತನ್ನ ನೆತ್ತರಿನಿಂದ ಏಳು ಲಕ್ಷ ಶ್ಲೋಕಗಳ ಕಥೆ ಬರೆದನಂತೆ. ಸಾತವಾಹನ ರಾಜ ಅದನ್ನು ತಿರಸ್ಕರಿಸಿದ. ಗುಣಾಢ್ಯ ಬೆಂಕಿ ಹಾಕಿ, ಒಂದೊಂದು ಎಲೆಯನ್ನೂ ಓದಿ ಓದಿ ಸುಡತೊಡಗಿದ. ಕಾಡಿನ ಮೃಗಗಳು ಮೇವು ಬಿಟ್ಟು, ಕಣ್ಣೀರಿಡುತ್ತ, ಸುತ್ತ ನಿಂತು ಕೇಳಿದವು. ಅರಮನೆಯ ಅಡುಗೆಗೆ ಬಂದ ಮಾಂಸ ಒಣಗಿದ್ದರಿಂದ ರಾಜನಿಗೆ ಸುದ್ದಿ ತಿಳಿಯಿತು. ಅವನು ಓಡಿಬರುವಷ್ಟರಲ್ಲಿ ಉಳಿದದ್ದು ಒಂದು ಲಕ್ಷ. ಊಟದ ರುಚಿ ಕೆಟ್ಟ ಮೇಲಷ್ಟೇ ಸಾಹಿತ್ಯದ ನೆನಪಾದ ಆ ರಾಜನ ವಿಷಯ ಹಾಗಿರಲಿ. ನನ್ನನ್ನು ಕಾಡುವ ಪ್ರಶ್ನೆ ಬೇರೆ: ಹಸಿವನ್ನೂ ಮರೆತು ಆ ಮೃಗಗಳು ಕೇಳಿದ್ದಾದರೂ ಏನನ್ನು?

‘ಅದ್ಭುತವನ್ನು’ ಎಂದು ಥಟ್ಟನೆ ಹೇಳಬಹುದು. ನನಗೆ ಒಪ್ಪಿಗೆಯಿಲ್ಲ. ಬರಿಯ ಅದ್ಭುತವು ಅರ್ಧ ಗಂಟೆಯಲ್ಲಿ ಬೇಸರ ತರುತ್ತದೆ. ಏನು ಬೇಕಾದರೂ ನಡೆಯಬಹುದಾದ ಲೋಕದಲ್ಲಿ ಏನು ನಡೆದರೂ ನಮಗೇನು? ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಹೂವಿನ ಗಿಡವಾಗುವ ಹುಡುಗಿಯ ಕಥೆಯನ್ನು ನೋಡಿ. ಗಿರೀಶ ಕಾರ್ನಾಡರು 1992ರಲ್ಲಿ ಅದನ್ನು ‘ಚೆಲುವಿ’ ಎಂಬ ಚಿತ್ರವನ್ನಾಗಿ ಮಾಡಿದರು. ಒಂದು ಕೊಡ ನೀರು ಸುರಿದರೆ ಹುಡುಗಿ ಗಿಡವಾಗುತ್ತಾಳೆ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿಯಾಗುತ್ತಾಳೆ. ಆದರೆ ಹೂವನ್ನು ಮೆಲ್ಲಗೆ ಬಿಡಿಸಬೇಕು, ಟೊಂಗೆ ಮುರಿಯಬಾರದು, ಚಿಗುರಿಗೆ ಉಗುರು ತಾಗಬಾರದು. ನಾದಿನಿ ಮತ್ತು ಅವಳ ಗೆಳತಿಯರು ಟೊಂಗೆ ಮುರಿದರು; ಹುಡುಗಿ ಕೈಕಾಲಿಲ್ಲದ ಮೋಟುದೇಹವಾಗಿ ಉಳಿದಳು. ಈ ಕರಾರಿನಲ್ಲಿಯೇ ಕಥೆಯ ಪ್ರಾಣವಿದೆ. ವಾಚಕರು ಪ್ರೀತಿಸುವ ಮಾಯಾಕಥೆಗಾರರು ಲೆಕ್ಕದಲ್ಲಿ ಮಾರವಾಡಿಗಳಿಗಿಂತ ಬಿಗಿ. ವರ ಕೊಟ್ಟರೆ ಬೆಲೆ ಬರೆದಿಡುತ್ತಾರೆ. ಕೊನೆಯ ಪುಟದಲ್ಲಿ ವಸೂಲಿ ಮಾಡದೆ ಬಿಡುವುದಿಲ್ಲ.

ಈ ವಿಚಾರ ನನಗೆ ವಿಶ್ವವಿದ್ಯಾಲಯದಲ್ಲಿ ಹೊಳೆದದ್ದಲ್ಲ. ಅಕ್ಷರ ಬಾರದ ನನ್ನ ಅಜ್ಜಿಯಿಂದ ಕಲಿತದ್ದು.

ಅಜ್ಜಿಗೆ ಮೂವರು ಹೆಣ್ಣುಮಕ್ಕಳ ಮೇಲೆ ಒಬ್ಬನೇ ಮಗ. ನನ್ನ ಆ ಸೋದರಮಾವ ಶಾಲೆಯ ದಿನಗಳಲ್ಲಿ ‘ಚಂದಮಾಮ’ದ ಹುಚ್ಚು ಹಿಡಿಸಿಕೊಂಡು, ಸಂಚಿಕೆಗಳನ್ನು ಜೋಡಿಸಿ ದಬ್ಬಣದಿಂದ ಹೊಲಿದು ಕಟ್ಟುಮಾಡಿ ಇಟ್ಟಿದ್ದ. 1989ರಲ್ಲಿ, ಎರಡು ವರ್ಷ ಹೊಲ ಕೈಕೊಟ್ಟ ಮೇಲೆ, ಗೋವೆಯಲ್ಲಿ ಕಟ್ಟಡದ ಕೆಲಸ ಸಿಗುತ್ತದೆಂದು ತಳಕಲ್ ನಿಲ್ದಾಣದಲ್ಲಿ ಗದಗಿನ ಕಡೆಯ ರೈಲು ಹತ್ತಿದ. ಒಂದು ಕಾಗದ ಬಂತು. ಒಮ್ಮೆ ನೂರೈವತ್ತು ರೂಪಾಯಿ ಮನಿಯಾರ್ಡರ್ ಬಂತು. ಆಮೇಲೆ ಏನೂ ಬರಲಿಲ್ಲ. ಅಜ್ಜ ಎರಡು ಸಲ ಹೋಗಿ ಹುಡುಕಿ ಬರಿಗೈಯಲ್ಲಿ ಬಂದ.

ನಾನು ಓದಲು ಕಲಿತ ಮೇಲೆ ಪ್ರತಿ ಬೇಸಿಗೆಯ ರಜೆಯಲ್ಲೂ ಆ ಕಟ್ಟನ್ನು ಅಜ್ಜಿಗೆ ಓದಿ ಹೇಳುವುದು ನನ್ನ ಕೆಲಸವಾಯಿತು. ಕರೆಂಟು ಹೋದ ರಾತ್ರಿ, ಮಾಳಿಗೆಯ ಮೇಲೆ ಕಂದೀಲಿಟ್ಟುಕೊಂಡು ಓದುತ್ತಿದ್ದೆ. ಬೇತಾಳನ ಕಥೆಗಳು ಅವಳಿಗೆ ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಶಂಕರ್ ಅವರು ಬರೆದ ಆ ಪ್ರಸಿದ್ಧ ಚಿತ್ರವನ್ನು, ಹೆಗಲ ಮೇಲೆ ಹೆಣ ಹೊತ್ತು ಕತ್ತಿ ಹಿಡಿದು ನಡೆಯುವ ಅರಸನನ್ನು, ಕಣ್ಣಿಗೆ ಹತ್ತಿರ ಹಿಡಿದು ನೋಡಿ, “ಪಾಪ, ಇಷ್ಟು ಶಾಣ್ಯಾ ಅದಾನ, ಬಾಯಿ ಮುಚ್ಚಿಕೊಂಡು ನಡ್ಯಾಕ ಬರವಲ್ದು” ಎನ್ನುತ್ತಿದ್ದಳು. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ಅವನ ತಲೆ ಒಡೆಯುತ್ತದೆಂಬ ಕರಾರನ್ನು ನಾನು ನೆನಪಿಸಿದರೆ, “ಹೌದಲ್ಲ, ಅದೊಂದೈತಿ” ಎಂದು ಅರಸನನ್ನು ಕ್ಷಮಿಸುತ್ತಿದ್ದಳು.

ಅವಳಿಗೆ ಪ್ರಿಯವಾದದ್ದು ಧಾರಾವಾಹಿ, ಅದರಲ್ಲೂ ‘ಮಾಯಾಸರೋವರ’. ಕಾಣೆಯಾದ ಅರಸುಮಕ್ಕಳನ್ನು ಹುಡುಕುತ್ತ ಜಯಶೀಲ, ಸಿದ್ಧಸಾಧಕರೆಂಬ ಇಬ್ಬರು ಕಾಡುಮೇಡುಗಳನ್ನು ಅಲೆಯುವ ಕಥೆ. ಮನೆಯವರೆಲ್ಲ ಇದ್ದಾಗ ಅಜ್ಜಿ ಅದನ್ನು ಓದಿಸುತ್ತಿರಲಿಲ್ಲ. ಓದುವಾಗ ಅವಳು ಕೇಳುತ್ತಿದ್ದ ಪ್ರಶ್ನೆಗಳು ಎರಡೇ. “ಮುಂದ ಏನಾತು?” ಎಂಬುದು ಒಂದು; ಅದು ಜಗತ್ತಿನ ಎಲ್ಲ ಶ್ರೋತೃಗಳದು. “ಹೋದಾಂವ ಬಂದ್ನೇನು?” ಎಂಬುದು ಇನ್ನೊಂದು, ಅದು ಅವಳದು. ಯಾವನೋ ಕಾವಲುಗಾರ, ಹೆಸರಿಲ್ಲದ ಸೈನಿಕ, ಮೂರು ಪುಟಗಳ ಹಿಂದೆ ಕಾಡಿಗೆ ಹೋದವನು ಮತ್ತೆ ಕಾಣಿಸದಿದ್ದರೆ ಅವಳು ನನ್ನನ್ನು ಮುಂದೆ ಓದಲು ಬಿಡುತ್ತಿರಲಿಲ್ಲ. “ಬರದಾಂವ ಮರತಾನ ನೋಡು” ಎಂದು ಲೇಖಕನನ್ನು ಬೈಯುತ್ತಿದ್ದಳು. ನಾನು ಇದುವರೆಗೆ ಓದಿರುವ ವಿಮರ್ಶಕರಲ್ಲಿ ಇಷ್ಟು ಕಟ್ಟುನಿಟ್ಟಿನವರು ಕಡಿಮೆ.

ಆ ಕಟ್ಟಿನಲ್ಲಿ ಒಂದು ಸಂಚಿಕೆ ಇರಲಿಲ್ಲ. ಮಾವ ಯಾರಿಗೋ ಓದಲು ಕೊಟ್ಟು ಕಳೆದುಕೊಂಡಿರಬೇಕು. ಒಂದು ಕಂತಿನ ಕೊನೆಯಲ್ಲಿ ವೀರರು ಅಪಾಯದಲ್ಲಿದ್ದರೆ, ಮುಂದಿನದರ ಆರಂಭಕ್ಕೆ ಎಲ್ಲೋ ಬೇರೆ ಕಡೆ ಕ್ಷೇಮವಾಗಿದ್ದರು. ನಾನು ಪುಟ ತಿರುವಿ ಮುಂದೆ ಓದಲು ಹೊರಟರೆ ಅಜ್ಜಿ ಒಪ್ಪಲಿಲ್ಲ. “ತಡಿಯಪಾ, ನಡುವಿಂದು ನಾ ಹೇಳ್ತೀನಿ” ಎಂದು ಆ ಕಂತನ್ನು ತಾನೇ ಹೇಳಿದಳು. ಅದರಲ್ಲಿ ಒಬ್ಬ ಮುದುಕಿ ಬಂದಳು, ಒಂದು ಬಾವಿ ಬಂತು, ಇಟಗಿಯ ಗುಡಿಯಂಥದೇ ಒಂದು ಕಲ್ಲುಗುಡಿ ಬಂತು. ಮುಂದಿನ ಬೇಸಿಗೆಯಲ್ಲಿ ಮತ್ತೆ ಹೇಳಿಸಿದಾಗ ಒಂದು ಅಕ್ಷರವೂ ಹೆಚ್ಚುಕಡಿಮೆಯಾಗಲಿಲ್ಲ.

ಧಾರವಾಡದಲ್ಲಿ ಎಂ. ಎ. ಓದುತ್ತಿದ್ದಾಗ ನನಗೆ ಟಾಲ್ಕಿನ್ ಸಿಕ್ಕಿದ. 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವನ ಉಂಗುರದ ಮಹಾಕಥೆಯನ್ನು ಓದಿ ಮುಗಿಸಿ, 2011ರ ದೀಪಾವಳಿಯ ರಜೆಯಲ್ಲಿ ತಳಕಲ್ಲಿಗೆ ಹೋದವನು ನಾಲ್ಕು ರಾತ್ರಿ ಅದನ್ನು ಅಜ್ಜಿಗೆ ನಮ್ಮ ಮಾತಿನಲ್ಲಿ ಹೇಳಿದೆ. ಕುಳ್ಳ ಜನರ ಫ್ರೋಡೋ ಅವಳ ಬಾಯಲ್ಲಿ ‘ಪುಟ್ಟಪ್ಪ’ನಾದ. ಸುಡುಬೆಂಕಿಯ ಗುಡ್ಡದ ತುದಿಯಲ್ಲಿ ನಿಂತು ಅವನು ಉಂಗುರವನ್ನು ಒಗೆಯಲು ಒಪ್ಪದೆ, ತನ್ನದೆಂದು ಬೆರಳಿಗೆ ಹಾಕಿಕೊಂಡನೆಂದಾಗ, ಅವಳಿಗೆ ಕೋಪ ಬರುತ್ತದೆಂದು ಭಾವಿಸಿದ್ದೆ. ಅವಳು ತಲೆದೂಗಿದಳು. “ಖರೇ ಐತಿ. ಕೈಗೆ ಬಂದದ್ದು ಯಾರು ಒಗೀತಾರ? ಅಂವ ಒಗದಾನ ಅಂದಿದ್ರ ನಾ ನಂಬ್ತಿದ್ದಿಲ್ಲ.”

ಕಥೆಯ ಕೊನೆಯನ್ನು ಹೇಳುವಾಗ ನನ್ನ ದನಿ ತಡವರಿಸಿತು. ಪುಟ್ಟಪ್ಪ ಊರಿಗೆ ಮರಳಿ ಬಂದ. ಊರು ಮೊದಲಿನಂತಾಯಿತು, ಅವನು ಆಗಲಿಲ್ಲ. ಭುಜದ ಗಾಯ ಪ್ರತಿ ವರ್ಷ ಅದೇ ದಿನ ನೋಯುತ್ತಿತ್ತು. ಕೊನೆಗೆ ಹಡಗು ಹತ್ತಿ ಹೊರಟುಹೋದ. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅರ್ಧಾ ಬಂದ” ಎಂದಳು. ಸ್ವಲ್ಪ ತಡೆದು, “ಅರ್ಧಾನರ ಬರ್ಲಿ” ಎಂದಳು. ಎರಡನೆಯ ಮಾತು ಪುಟ್ಟಪ್ಪನನ್ನು ಕುರಿತದ್ದಲ್ಲವೆಂದು ನಮ್ಮಿಬ್ಬರಿಗೂ ತಿಳಿದಿತ್ತು. ಹಿರಿಯರ ಪೂಜೆಯ ದಿನ ಮಾವನ ಹೆಸರಿನಲ್ಲಿ ಒಂದು ಧೋತರ ಇಡೋಣವೆಂದು ಹೆಣ್ಣುಮಕ್ಕಳು ಎಷ್ಟೋ ವರ್ಷ ಹೇಳಿದರೂ ಅವಳು ಇಡಗೊಟ್ಟಿರಲಿಲ್ಲ. ಕೊನೆಯವರೆಗೂ ಇಡಗೊಡಲಿಲ್ಲ.

ಟಾಲ್ಕಿನ್ ನನ್ನಂತೆಯೇ ಮೇಷ್ಟರು. ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷನ್ನು ಕಲಿಸುತ್ತಿದ್ದವನು. 1916ರಲ್ಲಿ ಸೊಮ್ ಕದನದ ಕಂದಕಗಳಲ್ಲಿದ್ದ. ಶಾಲೆಯ ಕಾಲದ ಆಪ್ತ ಗೆಳೆಯರಲ್ಲಿ ಇಬ್ಬರನ್ನು ಆ ಯುದ್ಧದಲ್ಲಿ ಕಳೆದುಕೊಂಡ. ಹೋದವರು ಬರದಿರುವುದೆಂದರೇನೆಂದು ಬಲ್ಲವನು ಮಾತ್ರ ಬರುವುದನ್ನು ಹಾಗೆ ಬರೆಯಬಲ್ಲ. ಇಂಥ ಕಥೆಗಳನ್ನು ಪಲಾಯನವೆಂದು ಹಳಿಯುವವರಿಗೆ ಆತ ಒಂದು ಉಪನ್ಯಾಸದಲ್ಲಿ ಕೊಟ್ಟ ಉತ್ತರದ ಸಾರ ಇಷ್ಟು: ಸೆರೆಯಲ್ಲಿರುವವನು ಮನೆಗೆ ಹೋಗಲು ಹಂಬಲಿಸಿದರೆ ಅದನ್ನು ರಣರಂಗದಿಂದ ಓಡಿಹೋದವನ ಹೇಡಿತನದೊಂದಿಗೆ ಬೆರೆಸಬೇಡಿ. ನನ್ನ ಸಹೋದ್ಯೋಗಿಗಳಿಗೆ ಇದನ್ನು ಹೇಳಿದ್ದೇನೆ. ಅವರು ಚಹ ಕುಡಿದು ಎದ್ದುಹೋದರು.

‘ಮಾಯಾಸರೋವರ’ವನ್ನು ಬರೆದವರು ಯಾರೆಂದು ಅಜ್ಜಿ ಅನೇಕ ಸಲ ಕೇಳಿದ್ದಳು. ಪುಟಗಳಲ್ಲಿ ಹೆಸರಿರಲಿಲ್ಲ. ಪತ್ರಿಕೆ ಮದ್ರಾಸಿನಿಂದ ಬರುತ್ತದೆಂದು ನಾನು ಹೇಳಿದ ಮೇಲೆ ಅವಳ ಪಾಲಿಗೆ ಆತ ‘ಮದ್ರಾಸಿನಾಂವ’ನಾದ. ಕನ್ನಡ ‘ಚಂದಮಾಮ’ 1949ರಲ್ಲಿ ಹುಟ್ಟಿತು. 2013ರ ಹೊತ್ತಿಗೆ ಪತ್ರಿಕೆಯ ಮುದ್ರಣ ನಿಂತುಹೋಯಿತು. ಮರುವರ್ಷ ಅಜ್ಜಿ ತೀರಿಕೊಂಡಳು. ಆ ಧಾರಾವಾಹಿಯ ಕರ್ತೃ ದಾಸರಿ ಸುಬ್ರಹ್ಮಣ್ಯಂ ಎಂದು ತೆಲುಗು ಬಲ್ಲ ಗೆಳೆಯರೊಬ್ಬರಿಂದ ನನಗೆ ತಿಳಿದದ್ದು ಆಮೇಲೆ. ‘ಚಂದಮಾಮ’ದ ಸಂಪಾದಕವರ್ಗದಲ್ಲಿದ್ದುಕೊಂಡು ಅವರು 1950ರ ದಶಕದಿಂದ ಇಂಥ ಧಾರಾವಾಹಿಗಳನ್ನು ತೆಲುಗಿನಲ್ಲಿ ಬರೆದರು, ಅವು ಅನುವಾದಗೊಂಡು ನಮ್ಮ ಮನೆಗಳಿಗೆ ಬಂದವು. ಅವರು ತೀರಿಕೊಂಡದ್ದು 2010ರಲ್ಲಿ. ಆ ವರ್ಷದ ಬೇಸಿಗೆಯಲ್ಲೂ ನಾನು ತಳಕಲ್ಲಿನ ಮಾಳಿಗೆಯ ಮೇಲೆ ಅವರನ್ನು ಓದುತ್ತಿದ್ದೆ.

ಕಟ್ಟು ಈಗ ನನ್ನಲ್ಲಿದೆ. ಕಳೆದ ವರ್ಷ ಆ ತಪ್ಪಿಹೋದ ಸಂಚಿಕೆಯೂ ಹುಬ್ಬಳ್ಳಿಯ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತು. ಓದಿದೆ. ಅದರಲ್ಲಿ ಮುದುಕಿಯೂ ಇಲ್ಲ, ಬಾವಿಯೂ ಇಲ್ಲ. ಚೆನ್ನಾಗಿಯೇ ಇದೆ, ಆದರೆ ಅದನ್ನು ಕಟ್ಟಿಗೆ ಸೇರಿಸಿ ಹೊಲಿದಿಲ್ಲ.