ಹೆಸರಿರುವ ಕಾಲಾಳು

ಇವತ್ತು ಬೆಳಿಗ್ಗೆ ಡೋರ್ಕಾಸ್ ಸತ್ತ. ನಾನು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಮತ್ತೆ ಎದ್ದು ನಿಂತಿದ್ದ. ಅಕ್ಕನ ಮಗ ಸೋಫಾದ ಮೇಲೆ ಕಾಲು ಮಡಚಿ ಕೂತು ಹಳೆಯ ಫೈರ್ ಎಂಬ್ಲಮ್ ಆಡುತ್ತಿದ್ದ. 2003ರ ಆಟ ಅದು. ಈಗ ನಿಂಟೆಂಡೊ ಸ್ವಿಚ್‌ನಲ್ಲೂ ಸಿಗುತ್ತದೆ, ಜೊತೆಗೆ ಆಟವನ್ನು ಹಿಂದಕ್ಕೆ ಸುತ್ತುವ ಸವಲತ್ತೂ ಬಂದಿದೆ. "ಅಲ್ವೋ, ಅವನು ಸತ್ತನಲ್ಲೋ!" ಅಂದೆ. "ರಿವೈಂಡ್ ಮಾಡ್ದೆ ಮಾವ," ಅಂದ, ತಲೆ ಎತ್ತದೆ. ತಪ್ಪೇನೂ ಇಲ್ಲ. ಯಂತ್ರವೇ ಕೊಟ್ಟ ಸವಲತ್ತು, ಹುಡುಗ ಬಳಸಿಕೊಂಡ. ಆದರೂ ಮನಸ್ಸಿಗೆ ಕಸಿವಿಸಿಯಾಯಿತು. ಸ್ನಾನ, ತಿಂಡಿ ಮುಗಿದರೂ ಅದು ಹೋಗಲಿಲ್ಲ.

ಮೊದಲ ಫೈರ್ ಎಂಬ್ಲಮ್ ಬಂದದ್ದು 1990ರ ಏಪ್ರಿಲ್‌ನಲ್ಲಿ, ಜಪಾನಿನಲ್ಲಿ, ಫ್ಯಾಮಿಕಾಮ್ ಯಂತ್ರಕ್ಕೆ. ಕಟ್ಟಿದ ಸಂಸ್ಥೆ ಇಂಟೆಲಿಜೆಂಟ್ ಸಿಸ್ಟಮ್ಸ್, ರೂಪಿಸಿದವರು ಶೋಜೊ ಕಾಗಾ. ಚೌಕಳಿ ಹಾಕಿದ ನಕಾಶೆ. ಒಮ್ಮೆ ನಮ್ಮ ಸರದಿ, ಒಮ್ಮೆ ಶತ್ರುವಿನ ಸರದಿ. ಕತ್ತಿಗೆ ಕೊಡಲಿ ಸೋಲುತ್ತದೆ, ಕೊಡಲಿಗೆ ಈಟಿ, ಈಟಿಗೆ ಕತ್ತಿ; ಈ ಲೆಕ್ಕ ಸೇರಿದ್ದು 1996ರ ಆಟದಲ್ಲಿ. ಇವೆಲ್ಲ ಆಡಿದವರಿಗೆ ಗೊತ್ತೇ ಇದೆ, ಆಡದವರಿಗೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ನನಗೆ ಮುಖ್ಯವಾದದ್ದು ಒಂದೇ ನಿಯಮ. ಈ ಆಟದಲ್ಲಿ ಸತ್ತವರು ಸತ್ತರು. ಮುಂದಿನ ಅಧ್ಯಾಯದಲ್ಲಿ ಅವರಿಲ್ಲ, ಕೊನೆಯ ಅಧ್ಯಾಯದಲ್ಲೂ ಇಲ್ಲ.

ಡೋರ್ಕಾಸ್ ಯಾರು ಎಂದು ಹೇಳಬೇಕು. ಅವನು ರಾಜಕುಮಾರನಲ್ಲ, ಕಥೆಯ ನಾಯಕನೂ ಅಲ್ಲ. ದಪ್ಪ ತೋಳಿನ, ಮಾತು ಕಡಿಮೆಯ, ಕೊಡಲಿ ಹಿಡಿದ ಹಳ್ಳಿಯವನು. ಹೆಂಡತಿ ನಟಾಲಿಯ ಕಾಲು ಸರಿಯಿಲ್ಲ. ಔಷಧಕ್ಕೆ ದುಡ್ಡು ಬೇಕು, ದುಡ್ಡಿಗಾಗಿ ದರೋಡೆಕೋರರ ಜೊತೆ ಸೇರಿದ್ದಾನೆ. ಆಟದಲ್ಲಿ ಅವನು ಮೊದಲು ಕಾಣಿಸುವುದೇ ಶತ್ರುಗಳ ನಡುವೆ, ಶತ್ರುವಿನ ಬಣ್ಣದಲ್ಲಿ. ಲಿನ್ ಎಂಬ ಹುಡುಗಿಯನ್ನು ಅವನ ಪಕ್ಕದ ಚೌಕಕ್ಕೆ ಒಯ್ದು ನಿಲ್ಲಿಸಿದರೆ 'ಹೊಡೆ' ಎನ್ನುವುದರ ಜೊತೆಗೆ 'ಮಾತಾಡು' ಎಂಬ ಆಯ್ಕೆಯೂ ತೆರೆದುಕೊಳ್ಳುತ್ತದೆ. ಮಾತಾಡಿಸಿದರೆ, ನಟಾಲಿ ತಾವು ಮುತ್ತಿರುವ ಕೋಟೆಯಲ್ಲೇ ಇದ್ದಾಳೆಂದು ತಿಳಿದು ಕೊಡಲಿ ತಿರುಗಿಸಿಕೊಂಡು ನಮ್ಮ ಕಡೆ ಬರುತ್ತಾನೆ. ಮಾತಾಡಿಸುವ ಮೊದಲೇ ಹೊಡೆದುಬಿಟ್ಟರೆ ನಮಗೆ ಇದ್ಯಾವುದೂ ತಿಳಿಯುವುದೇ ಇಲ್ಲ. ಇನ್ನೊಬ್ಬ ದರೋಡೆಕೋರ ಬಿದ್ದ, ಅಷ್ಟೆ. ಇಷ್ಟನ್ನು ಒಂದು ಪುಟ್ಟ ಪರದೆಯ ಮೇಲೆ, ನಾಲ್ಕಾರು ಸಾಲಿನ ಮಾತಿನಲ್ಲಿ ಮಾಡಿ ತೋರಿಸಿದವರ ಮೇಲೆ ನನಗೆ ಬಹಳ ಗೌರವ.

ಚದುರಂಗ ನಮ್ಮ ನೆಲದಲ್ಲಿ ಹುಟ್ಟಿದ ಆಟ. ಅದು ಜಪಾನಿಗೆ ಹೋಗಿ ಶೋಗಿ ಆಯಿತು. ಅಲ್ಲಿ ಸೆರೆಸಿಕ್ಕ ಕಾಯಿ ಸಾಯುವುದಿಲ್ಲ. ಗೆದ್ದವನ ಕೈಸೇರಿ ಅವನ ಪರವಾಗಿ ಮತ್ತೆ ಹಲಗೆಗೆ ಇಳಿಯುತ್ತದೆ. ಎರಡರಲ್ಲೂ ಕಾಲಾಳಿಗೆ ಹೆಸರಿಲ್ಲ. ಕಾಗಾ ಕಾಲಾಳಿಗೆ ಹೆಸರಿಟ್ಟರು. ಹೆಸರಿಟ್ಟ ಮೇಲೆ ಮುಖ ಬಂತು, ಮುಖ ಬಂದ ಮೇಲೆ ಮನೆ, ಹೆಂಡತಿ, ಸಾಲ, ಸ್ನೇಹ ಎಲ್ಲವೂ ಬಂದವು. 2003ರ ಆಟದಲ್ಲಿ ಇಬ್ಬರನ್ನು ಅಕ್ಕಪಕ್ಕದ ಚೌಕಗಳಲ್ಲಿ ಕೆಲವು ಸರದಿ ನಿಲ್ಲಿಸಿದರೆ ಅವರ ನಡುವೆ ಬಳಕೆ ಬೆಳೆಯುತ್ತದೆ, ಯುದ್ಧದ ನಡುವೆಯೇ ಕಷ್ಟಸುಖ ಮಾತಾಡಿಕೊಳ್ಳುತ್ತಾರೆ. ಇಬ್ಬರಲ್ಲೊಬ್ಬ ಸತ್ತರೆ ಆ ಸಂಭಾಷಣೆ ಅಲ್ಲಿಗೇ ನಿಂತಿತು. ಸಾಯುವವನಿಗೂ ಕೊನೆಯ ಒಂದೆರಡು ಸಾಲು ಮಾತಿರುತ್ತದೆ. ನಡೆ ಇಡುವ ಮೊದಲು ಎರಡು ನಿಮಿಷ ಯೋಚಿಸುವಂತೆ ಮಾಡುವುದು ಆ ಸಾಲುಗಳ ಭಯವೇ.

ಯೋಚಿಸಲಿಕ್ಕೆ ಆಟ ಒಂದು ಅಂಕಿಯನ್ನೂ ಕೊಡುತ್ತದೆ: ಏಟು ತಗಲುವ ಸಾಧ್ಯತೆ ಶೇಕಡಾ ಇಷ್ಟು. 2002ರ ಆಟದಲ್ಲಿ ಈ ಅಂಕಿಯ ಹಿಂದೆ ಒಂದು ಏರ್ಪಾಡು ಬಂತು. ಯಂತ್ರ ಒಂದು ಯಾದೃಚ್ಛಿಕ ಸಂಖ್ಯೆಯ ಬದಲು ಎರಡನ್ನು ಎತ್ತಿ ಸರಾಸರಿ ತೆಗೆಯುತ್ತದೆ. ಹಾಗಾಗಿ ಪರದೆಯಲ್ಲಿ 90 ಎಂದು ಕಂಡರೆ ನಿಜದಲ್ಲಿ ಅದು 98.1; 10 ಎಂದು ಕಂಡರೆ ಸುಮಾರು 2. ಶೇಕಡಾ ತೊಂಬತ್ತು ಎಂದರೆ ತಗಲೇ ತಗಲುತ್ತದೆ, ಹತ್ತು ಎಂದರೆ ಎಲ್ಲಿ ತಗಲೀತು ಎಂದು ಮನುಷ್ಯ ಸಹಜವಾಗಿ ತಿಳಿಯುತ್ತಾನೆ. ಆ ತಿಳಿವಳಿಕೆಗೆ ಲೆಕ್ಕವೇ ಬಾಗಿಕೊಂಡಿದೆ. ಇಷ್ಟು ಕನಿಕರ ತೋರಿಸಿದ ಮೇಲೂ ಒಬ್ಬ ಸತ್ತರೆ ಆ ಸಾವಿಗೆ ತೂಕವಿರಬೇಡವೇ?

ಸತ್ತವರನ್ನು ಎಬ್ಬಿಸುವ ದಾರಿ ಮೊದಲ ಆಟದಲ್ಲೇ ಇತ್ತು, ನಿಜ. ಆಮ್ ಎಂಬ ದಂಡ. ಅದು ಕೈಗೆ ಸಿಗುವುದು ಕಥೆ ಮುಗಿಯುವ ಹೊತ್ತಿಗೆ. ಹಿಡಿಯಬಲ್ಲವಳು ನಾಯಕ ಮಾರ್ಥ್‌ನ ಅಕ್ಕ ಎಲಿಸ್ ಒಬ್ಬಳೇ. ಅದೂ ಒಂದೇ ಸಲ. ಇಡೀ ಯುದ್ಧದಲ್ಲಿ ಕಳೆದುಕೊಂಡ ಅಷ್ಟೂ ಜನರಲ್ಲಿ ಯಾರೊಬ್ಬರನ್ನು ಕರೆಯುತ್ತೀರಿ? ಆ ಪ್ರಶ್ನೆಯ ಮುಂದೆ ಕೂರುವುದೇ ಒಂದು ಅಧ್ಯಾಯದಷ್ಟು ದೊಡ್ಡ ಅನುಭವ. 2010ರ ಹೊತ್ತಿಗೆ ಬಿದ್ದವರು ಮುಂದಿನ ಅಧ್ಯಾಯಕ್ಕೆ ಮರಳಿ ಬರುವ ಸುಲಭದ ಬಗೆಯೂ ಸೇರಿತು. ಅದನ್ನು ಹಳಿಯಲಾರೆ. 2012ರ ಅವೇಕನಿಂಗ್ ಎರಡೂವರೆ ಲಕ್ಷ ಪ್ರತಿ ದಾಟದಿದ್ದರೆ ಸರಣಿಯನ್ನೇ ನಿಲ್ಲಿಸುವ ಮಾತಿತ್ತು. ಅದು ದಾಟಿತು, ಹತ್ತು ಲಕ್ಷವನ್ನೂ ದಾಟಿತು. ಸಾವಿಗೆ ಹೆದರಿ ದೂರವಿದ್ದವರು ಒಳಗೆ ಬಂದದ್ದಕ್ಕೇ ಸರಣಿ ಉಳಿದುಕೊಂಡಿತು ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ.

2019ರ ತ್ರೀ ಹೌಸಸ್‌ನಲ್ಲಂತೂ ಕಾಲವನ್ನು ಹಿಂದಕ್ಕೆ ತಿರುಗಿಸುವ ಶಕ್ತಿ ಆಟದೊಳಗೇ ಇತ್ತು, ನಾಯಕನಿಗೆ ದೇವಿ ಕೊಟ್ಟ ವರವಾಗಿ. ಆಡುವವರು ಅದಕ್ಕೆ ಒಗ್ಗಿಹೋಗುತ್ತಾರೆ: ಯಾರೋ ಬಿದ್ದರು, ತಿರುಗಿಸು, ಏಟು ತಪ್ಪಿತು, ತಿರುಗಿಸು. ಹೀಗೇ ನಡೆದಿರುವಾಗ ಒಂದು ದಿನ ನಾಯಕನ ತಂದೆ ಜೆರಾಲ್ಟ್‌ಗೆ ಬೆನ್ನಿಗೆ ಚೂರಿ ಬೀಳುತ್ತದೆ. ನಾಯಕ ಎಂದಿನಂತೆ ಕಾಲವನ್ನು ತಿರುಗಿಸಿ, ಚೂರಿ ಎತ್ತಿದ ಕೈಯ ಕಡೆಗೆ ಕತ್ತಿ ಬೀಸುತ್ತಾನೆ. ಎಲ್ಲಿಂದಲೋ ಬಂದ ಇನ್ನೊಬ್ಬ ಆ ಬೀಸನ್ನು ತಡೆಯುತ್ತಾನೆ. ಚೂರಿ ಮತ್ತೆ ಅಲ್ಲಿಗೇ ಬೀಳುತ್ತದೆ. ಅದುವರೆಗೂ ಅಳುವನ್ನೇ ಅರಿಯದ ನಾಯಕನ ಕಣ್ಣಲ್ಲಿ ಮೊದಲ ಸಲ ನೀರು. ಸಾಯುತ್ತಿರುವ ತಂದೆ ಅದನ್ನು ಗಮನಿಸುತ್ತಾನೆ. ಆಡುವವರ ಕೈಗೆ ವರವನ್ನು ಕೊಟ್ಟು, ಅಭ್ಯಾಸವಾಗುವವರೆಗೆ ಕಾದು, ಬೇಕೇ ಬೇಕಾದ ಹೊತ್ತಿನಲ್ಲಿ ಅದನ್ನು ನಿಷ್ಫಲ ಮಾಡಿದ ಆ ಬರವಣಿಗೆ ಈ ಮೂವತ್ತು ಚಿಲ್ಲರೆ ವರ್ಷಗಳ ಸರಣಿಯಲ್ಲೇ ಅತಿ ದಿಟ್ಟವಾದದ್ದು ಎಂದು ನನ್ನ ಅಭಿಪ್ರಾಯ. ಹಳೆಯ ನಿಯಮವನ್ನು ಬಿಟ್ಟಂತೆ ಮಾಡಿ ಹಿಂಬಾಗಿಲಿನಿಂದ ಮತ್ತೆ ಕರೆತಂದಿದ್ದಾರೆ.

ಆಗಲೇ ಕಾಲಾಳಿಗೆ ಹೆಸರಿಟ್ಟ ಮಾತು ಬಂತಲ್ಲ, ಆತಕೂರಿನ ಕಲ್ಲು ನೆನಪಾಗುತ್ತದೆ. ಮಂಡ್ಯ ಜಿಲ್ಲೆಯ ಊರು, ಸುಮಾರು ಕ್ರಿ.ಶ. 950ರ ಶಾಸನ, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ರಾಷ್ಟ್ರಕೂಟರು ಚೋಳ ರಾಜಾದಿತ್ಯನನ್ನು ಕೆಡವಿದ ತಕ್ಕೋಲದ ಯುದ್ಧದ ಸುದ್ದಿ ಅದರಲ್ಲಿದೆ. ಆದರೆ ಕಲ್ಲು ನೆಟ್ಟದ್ದು ರಾಜರಿಗಲ್ಲ, ಒಂದು ನಾಯಿಗೆ. ಹೆಸರು ಕಾಳಿ. ಗಂಗರ ಬೂತುಗ ಆ ನಾಯಿಯನ್ನು ತನ್ನ ವೀರ ಮಣಲೆರನಿಗೆ ಕೊಟ್ಟಿದ್ದ. ಕಾಡುಹಂದಿಯ ಮೇಲೆ ಬಿಟ್ಟಾಗ ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ನಾಯಿ ಹಂದಿಗಳ ಕಾಳಗವನ್ನು ಕಲ್ಲಲ್ಲಿ ಕೆತ್ತಿ, ಭೂಮಿ ಬಿಟ್ಟು, ಪೂಜೆ ಮಾಡದೆ ಗೊರವ, ಅಂದರೆ ಅಲ್ಲಿನ ಪೂಜಾರಿ, ಉಣಬಾರದೆಂದು ಬರೆಸಿದರು. ಯುದ್ಧದ ಲೆಕ್ಕದಲ್ಲಿ ನಾಯಿಗೂ ಹೆಸರು ಸಿಕ್ಕ ನಾಡು ನಮ್ಮದು ಎಂಬ ಹೆಮ್ಮೆ ನನಗಿದೆ.

ಹಂದಿಗೆ ಹೆಸರಿಲ್ಲ. ಫೈರ್ ಎಂಬ್ಲಮ್‌ನ ಶತ್ರುಪಾಳಯದಲ್ಲೂ ಮುಖಂಡರನ್ನು ಬಿಟ್ಟರೆ ಹೆಚ್ಚಿನವರೆಲ್ಲ ಬರಿಯ 'ಸೈನಿಕ', 'ದರೋಡೆಕೋರ'. ಡೋರ್ಕಾಸ್‌ನಂತೆ ಅವರಿಗೂ ಎಲ್ಲೋ ಒಬ್ಬ ನಟಾಲಿ ಇದ್ದಾಳು. ಸರಣಿ ಮುಟ್ಟದೆ ಉಳಿಸಿರುವ ಜಾಗ ಇದು. ರನ್ನ ಸಾವಿರ ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದ. ಅವನ ಗದಾಯುದ್ಧ ಕಾವ್ಯದಲ್ಲಿ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ನಡೆದುಹೋಗುತ್ತಾನೆ. ದ್ರೋಣ, ದುಶ್ಶಾಸನ, ಮಗ ಲಕ್ಷಣ, ಕರ್ಣ, ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಾನೆ. ಅವರ ನಡುವೆ ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಂತು ಅವನ ಶೌರ್ಯವನ್ನು ಮನಸಾರೆ ಹೊಗಳುತ್ತಾನೆ. ಯಾರಾದರೂ ಇದನ್ನು ಒಂದು ಅಧ್ಯಾಯವಾಗಿ ಕಟ್ಟಬೇಕು. ಅದರಲ್ಲಿ ಹೊಡೆತ ಬೇಡ, ಶೇಕಡಾ ಲೆಕ್ಕ ಬೇಡ. ಹಿಂದಿನ ಅಧ್ಯಾಯಗಳಲ್ಲಿ ನಾವೇ ಕೆಡವಿದವರೆಲ್ಲ ಆ ನಕಾಶೆಯ ಮೇಲಿರಲಿ, ಪ್ರತಿಯೊಬ್ಬರ ಪಕ್ಕದ ಚೌಕಕ್ಕೆ ಹೋದಾಗಲೂ 'ಮಾತಾಡು' ಎಂಬ ಆಯ್ಕೆ ತೆರೆದುಕೊಳ್ಳಲಿ. ಕೆಲಸ ಬಲ್ಲ ಹುಡುಗರು ಬೆಂಗಳೂರಿನಲ್ಲೇ ಎಷ್ಟೋ ಜನ ಇದ್ದಾರೆ.