ಎಂಟನೇ ನಿಮಿಷದ ಆಚೆಗೆ

ಗೆಳೆಯರೆ, ಎಸ್‌ಎಸ್‌ಡಿ ಅನ್ನುವ ಅಂಗೈಯಗಲದ ಸಾಮಾನಿನ ಬಗ್ಗೆ ಬರೀತೀನಿ ಅಂದರೆ ನಗಬೇಡಿ. ಪದ್ಯಕ್ಕೆ ಪೆನ್ನು ಕಾಗದ ಸಾಕು. ಜೀತ ಮಾಡಿದ ನಮ್ಮ ಕೇರಿಯ ಹಿರಿಯರ ಮಾತನ್ನು ಅವರ ಮುಖದ ಸಮೇತ ಹಿಡಿದಿಡಲು ಹೊರಟರೆ ಅಷ್ಟು ಸಾಲದು. 1976ರಲ್ಲಿ ಜೀತ ರದ್ದಿನ ಕಾನೂನು ಬಂದಾಗ ಹದಿನೈದರ ಹುಡುಗರಾಗಿದ್ದವರಿಗೂ ಈಗ ಅರವತ್ತು ದಾಟಿದೆ. ಎರಡನೇ ಸಲ ಹೇಳುತ್ತಾರೆ ಅಂತ ನಂಬಿ ಕೂರೋ ಹಾಗಿಲ್ಲ.

ಸಿನಿಮಾ ಕ್ಯಾಮರಾಗಳಲ್ಲೂ ಮಡಿ ಉಂಟು. ರೆಡ್ ಕಂಪನಿಯ ಹಿಂದಿನ ಕೆಲವು ಕ್ಯಾಮರಾಗಳು ತಮ್ಮದೇ ಮಿನಿ-ಮ್ಯಾಗ್ ಬಿಟ್ಟು ಬೇರೆ ಯಾರ ಡ್ರೈವನ್ನೂ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಬ್ಲ್ಯಾಕ್‌ಮ್ಯಾಜಿಕ್‌ನವರು 2012ರ ತಮ್ಮ ಮೊದಲ ಸಿನಿಮಾ ಕ್ಯಾಮರಾದಲ್ಲಿ ಕಂಪ್ಯೂಟರಿಗೆ ಹಾಕುವ ಎಸ್‌ಎಸ್‌ಡಿಯನ್ನೇ ಒಳಕ್ಕೆ ಬಿಟ್ಟುಕೊಂಡರು. 2018ರ ಪಾಕೆಟ್ 4ಕೆಗೆ ಹೊರಗಿನಿಂದ ಯುಎಸ್‌ಬಿ-ಸಿ ಕೇಬಲ್ಲಿನಲ್ಲಿ ಸಿಕ್ಕಿಸಿದರೂ ನಡೆಯುತ್ತದೆ. ನಾವು ಬಾಡಿಗೆಗೆ ತರುವುದು ಇದನ್ನೇ.

ಬಾಗಿಲು ತೆರೆದಿದೆ ಅಂತ ಸಿಕ್ಕಿದ್ದನ್ನೆಲ್ಲ ಸಿಕ್ಕಿಸುವಂತಿಲ್ಲ. ಡಬ್ಬಿಯ ಮೇಲೆ ಸೆಕೆಂಡಿಗೆ 500 ಎಂಬಿ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಡ್ರೈವಿನೊಳಗೆ ಕ್ಯಾಶ್ ಅಂತ ಒಂದು ಚುರುಕು ಜಾಗ. ಅಗ್ಗದ ಡ್ರೈವುಗಳು ಅದು ತುಂಬುವವರೆಗೆ ಕುದುರೆ, ತುಂಬಿದ ಮೇಲೆ ಎತ್ತಿನ ಗಾಡಿ. ಲೆಕ್ಕ ಹಾಕಿ. ಪ್ರೊರೆಸ್ 422 ಎಚ್‌ಕ್ಯೂ ಎಂಬ ಬಗೆಯಲ್ಲಿ, 4ಕೆ ಅಳತೆಗೆ, ಸೆಕೆಂಡಿಗೆ 24 ಫ್ರೇಮು ಹಿಡಿದರೆ ಸುಮಾರು 88 ಎಂಬಿ ಬರೆಯಬೇಕು. ಸ್ಯಾಮ್‌ಸಂಗ್ 870 ಕ್ಯೂವಿಒ 1 ಟಿಬಿ ಡ್ರೈವಿನ ಕ್ಯಾಶ್ ಹೆಚ್ಚೆಂದರೆ 42 ಜಿಬಿ, ಅದಾದ ಮೇಲೆ ವೇಗ 80 ಎಂಬಿ. ಕಂಪನಿಯೇ ಹೇಳಿಕೊಂಡಿದೆ. ಅಂದರೆ ಎಂಟು ನಿಮಿಷ! ಅಲ್ಲಿಂದಾಚೆ ಫ್ರೇಮುಗಳು ಬಿಟ್ಟುಹೋಗುತ್ತವೆ, ಇಲ್ಲ ಕ್ಯಾಮರಾ ನಿಂತೇ ಹೋಗುತ್ತದೆ. ಕಂಪ್ಯೂಟರಿನಲ್ಲಿ ಫೈಲು ಇಡಲು ಅದು ಒಳ್ಳೆಯ ಡ್ರೈವೇ, ಈ ಕೆಲಸಕ್ಕಲ್ಲ.

ಜಾಹೀರಾತು ತೆಗೆಯೋರಿಗೆ ಎಂಟು ನಿಮಿಷ ಧಾರಾಳ. ನಮ್ಮಜ್ಜಿಗೆ? ‘ಉಂಡೇನ್ಲಾ ಮಗ, ಆ ಪೆಟ್ಟಿಗೆ ಯಾರದ್ಲಾ, ಎಷ್ಟು ಕೊಟ್ಟೆ’ ಅನ್ನುವುದರಲ್ಲೇ ಅಷ್ಟು ಹೊತ್ತು ಕಳೆಯುತ್ತದೆ. ಸೆರಗು ಸರಿ ಮಾಡಿಕೊಂಡು, ಎಲೆಅಡಿಕೆ ಹಾಕಿಕೊಂಡು, ಹೊರಗೆ ಯಾರಾದರೂ ನಿಂತಿದ್ದಾರಾ ಅಂತ ನೋಡಿ, ಆಮೇಲೆ ಆಕೆ ಒಡೆಯನ ಕೊಟ್ಟಿಗೆಯ ಮಾತಿಗೆ ಬರುತ್ತಾಳೆ. ಆಗ ‘ತಾಳಜ್ಜಿ, ಡ್ರೈವ್ ನಿಂತೋಯ್ತು’ ಅಂದರೆ ತೆರೆದ ಬಾಯಿ ಮುಚ್ಚಿಕೊಳ್ಳುತ್ತದೆ. ಜೀವಮಾನವಿಡೀ ಅವಳು ಕೇಳಿದ್ದು ಆ ‘ತಾಳು’ ಒಂದನ್ನೇ.

ಅದಕ್ಕೇ ಕ್ಯಾಮರಾ ಕಂಪನಿ ಒಪ್ಪಿದ ಡ್ರೈವುಗಳ ಪಟ್ಟಿ ಓದಿ. ಮಾದರಿ, ಸೈಜು ಎರಡೂ ಕೂಡಬೇಕು. ಅಂಗಡಿಯವನು ‘ಅದೇ ಕಂಪನೀದು ಸಾರ್’ ಅಂದರೆ ತಲೆಯಾಡಿಸಬೇಡಿ. ಎರಡು ಸಾವಿರಕ್ಕೆ 16 ಟಿಬಿ ಅನ್ನೋದಂತೂ ಶುದ್ಧ ಮೋಸ. ಕೇಬಲ್ಲನ್ನೂ ನೋಡಿ. ಫೋನು ಚಾರ್ಜು ಮಾಡುವ ಎಷ್ಟೋ ಕೇಬಲ್ಲುಗಳು ಯುಎಸ್‌ಬಿ 2.0. ಅದರ ಮಿತಿಯೇ ಸೆಕೆಂಡಿಗೆ 60 ಎಂಬಿ, ಎಂಥ ಡ್ರೈವಿದ್ದರೂ ದಂಡ.

ಊರಿಗೆ ಹೊರಡುವ ಮುಂಚೆ ಡ್ರೈವನ್ನು ಕ್ಯಾಮರಾದಲ್ಲೇ ಫಾರ್ಮ್ಯಾಟ್ ಮಾಡಿ, ಗಾಳಿಗೆ ಅಲ್ಲಾಡುವ ಹುಣಸೆ ಮರಕ್ಕೆ ಹಿಡಿದು ತುಂಬುವವರೆಗೂ ಓಡಿಸಿ. ಬರೀ ಗೋಡೆಗೆ ಹಿಡಿದರೆ ಪೂರಾ ಭಾರ ಬೀಳುವುದಿಲ್ಲ.

ದುಡ್ಡು ಸಾಲದಿದ್ದರೆ ಎಚ್‌ಕ್ಯೂ ಬಿಟ್ಟು ಎಲ್‌ಟಿಗೆ ಇಳಿಯಿರಿ. ಗಂಟೆಗೆ 318 ಜಿಬಿ ಬದಲು 148. ಬಲ್ಲವರು ಮೂಗು ಮುರಿಯಲಿ. ನಾವು ಬರುವ ಭಾನುವಾರ ಹಾಗೇ ಹಿಡಿಯುತ್ತೇವೆ. ಪಟ್ಟಿಯಲ್ಲಿರುವ 1 ಟಿಬಿ ಒಂದನ್ನು ಚಂದಾ ಎತ್ತಿ ತಂದಿದ್ದೇವೆ, ಆರು ಗಂಟೆಯ ಮಾತು ಹಿಡಿಸುತ್ತದೆ. ನಕಲು ಇಡಲು ಇನ್ನೂ ಎರಡು ಹಾರ್ಡ್‌ಡಿಸ್ಕು ಬೇಕು. ಅದಕ್ಕೆ ಹಳೆಯವೂ ನಡೆಯುತ್ತವೆ, ನಿಮ್ಮಲ್ಲಿದ್ದರೆ ಕೊಡಿ.